ಆಪ್ತಸಲಹೆಯ ಫೀಸು ಯಾರ ತಲೆಯ ಮೇಲೆ?

ವರದಕ್ಷಿಣೆ ಕಿರುಕುಳದ ಪ್ರಕರಣ ಬಂದಾಗ ನಾವು ಕೂತು ಲೆಕ್ಕ ಹಾಕುತ್ತೇವೆ. ಕೊಟ್ಟ ಹಣ ಎಷ್ಟು, ಇಟ್ಟ ಒಡವೆ ಎಷ್ಟು, ಛತ್ರದ ಬಾಡಿಗೆ ಎಷ್ಟು, ಬೈಕು ಯಾರ ಹೆಸರಿನಲ್ಲಿದೆ. ಏಟು ತಿಂದಿದ್ದರೆ ಆಸ್ಪತ್ರೆಯ ಖರ್ಚನ್ನೂ ಸೇರಿಸುತ್ತೇವೆ. ಆದರೆ ವರ್ಷಗಟ್ಟಲೆ ಬೈಗುಳ, ಬೆದರಿಕೆ, ಅನುಮಾನಗಳ ನಡುವೆ ಬದುಕಿ, ನಿದ್ದೆ ಕಳೆದುಕೊಂಡು, ತನ್ನ ಮೇಲೆ ತನಗೇ ನಂಬಿಕೆ ಇಲ್ಲದಂತಾದ ಹೆಣ್ಣು ಮತ್ತೆ ಮನುಷ್ಯಳಂತೆ ಆಗಲು ತೆರುವ ಹಣ ನಮ್ಮ ಯಾವ ಲೆಕ್ಕದ ಪುಸ್ತಕದಲ್ಲೂ ಬರುವುದಿಲ್ಲ. ಅದು ಲೆಕ್ಕಕ್ಕೆ ಬರಬೇಕು, ಮತ್ತು ಆ ಖರ್ಚು ಅವಳ ತಲೆಯ ಮೇಲೆಯೇ ಬೀಳಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಗೆಳತಿಯರು ತಾಳ್ಮೆಯಿಂದ ಓದಬೇಕು.

ನಾನಿರುವ ವಸಂತಪುರ ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿದೆ. ವಸಂತ ವಲ್ಲಭರಾಯಸ್ವಾಮಿ ದೇವಸ್ಥಾನವಿರುವ ಹಳೆಯ ಊರು. ಈಗ ಒಂದು ಕಡೆ ಗುಡ್ಡದ ಮೇಲೆ 2022ರಲ್ಲಿ ಉದ್ಘಾಟನೆಯಾದ ಇಸ್ಕಾನ್ ದೇವಾಲಯ, ಇನ್ನೊಂದು ಕಡೆ ಕನಕಪುರ ರಸ್ತೆಯ ಅಪಾರ್ಟ್‌ಮೆಂಟುಗಳು, ಇವುಗಳ ಮಧ್ಯೆ ಶೀಟಿನ ಮನೆಗಳು, ವಠಾರಗಳು. ನಮ್ಮ ಸಂಘದ ಸದಸ್ಯೆಯರಲ್ಲಿ ಅರ್ಧದಷ್ಟು ಜನ ಆ ಅಪಾರ್ಟ್‌ಮೆಂಟುಗಳಲ್ಲಿ ಮನೆಕೆಲಸ ಮಾಡುವವರು, ಮಿಕ್ಕವರಲ್ಲಿ ಹೆಚ್ಚಿನವರು ಗಾರ್ಮೆಂಟ್ಸ್‌ನಲ್ಲಿ ಟೈಲರ್ ಅಥವಾ ಹೆಲ್ಪರ್. ಜಯನಗರ, ಜೆ.ಪಿ. ನಗರ, ಬನಶಂಕರಿ ಕಡೆ ಹೋದರೆ ಈಗ ಅಲ್ಲಲ್ಲಿ ಹಲ್ಲಿನ ಡಾಕ್ಟರ ಬೋರ್ಡಿನ ಪಕ್ಕದಲ್ಲೇ ಕೌನ್ಸೆಲಿಂಗ್ ಎಂದೋ ಥೆರಪಿ ಎಂದೋ ಬರೆದ ಬೋರ್ಡುಗಳು ಕಾಣುತ್ತವೆ. 2021ರಲ್ಲಿ ಮೆಟ್ರೋ ರೈಲು ಯಲಚೇನಹಳ್ಳಿಯಿಂದ ಮುಂದಕ್ಕೆ ರೇಷ್ಮೆ ಸಂಸ್ಥೆಯವರೆಗೆ ಬಂದ ಮೇಲೆ ದೊಡ್ಡಕಲ್ಲಸಂದ್ರದಲ್ಲಿ ಹತ್ತಿದರೆ ಜಯನಗರ ಸುಮಾರು ಕಾಲು ಗಂಟೆಯ ದಾರಿ. ದಾರಿ ಹತ್ತಿರವಾಗಿದೆ, ದರ ಹತ್ತಿರವಾಗಿಲ್ಲ.

ನಾನು ಹೋಗಿ ವಿಚಾರಿಸಿದ ಖಾಸಗಿ ಕೊಠಡಿಗಳಲ್ಲಿ ಐವತ್ತು ನಿಮಿಷದ ಒಂದು ಭೇಟಿಗೆ ಸಾವಿರದಿಂದ ಎರಡೂವರೆ ಸಾವಿರ ರೂಪಾಯಿ ಹೇಳಿದರು. ವಾರಕ್ಕೊಮ್ಮೆ ಬರಬೇಕು, ಎರಡು ಮೂರು ತಿಂಗಳಾದರೂ ಬೇಕು ಎಂದರು. 2023ರ ಆಗಸ್ಟ್‌ನಲ್ಲಿ ಆರಂಭವಾದ ಗೃಹಲಕ್ಷ್ಮಿ ಯೋಜನೆಯಲ್ಲಿ ಮನೆಯ ಯಜಮಾನಿಗೆ ತಿಂಗಳಿಗೆ ಬರುವುದು 2,000 ರೂಪಾಯಿ. ಅಂದರೆ ಒಂದು ತಿಂಗಳ ಗೃಹಲಕ್ಷ್ಮಿ ಹಣಕ್ಕೆ ಒಂದು ಭೇಟಿ, ಹೆಚ್ಚೆಂದರೆ ಎರಡು. ನಮ್ಮ ಸಂಘದ ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಕೈಗೆ ಬರುವುದು ಪಿ.ಎಫ್., ಇ.ಎಸ್.ಐ. ಕಳೆದು ಹನ್ನೆರಡು ಹದಿಮೂರು ಸಾವಿರ. ಅದರಲ್ಲಿ ಬಾಡಿಗೆ, ಮಕ್ಕಳ ಸ್ಕೂಲು, ರೇಷನ್ನು, ಸಂಘದ ಕಂತು. ಉಳಿದರೆ ಗಂಡನ ಕೈಗೆ. ಇದು ಎಲ್ಲರಿಗೂ ಗೊತ್ತಿರುವ ವಿಷಯ.

ಆದರೆ ದರ ಹೆಚ್ಚು ಎಂದು ಗೊಣಗುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲ. ದರಕ್ಕಿಂತ ಹೆಚ್ಚು ನನ್ನನ್ನು ಕಾಡಿದ್ದು ದರದ ಜೊತೆಗಿರುವ ನಿಯಮಗಳು.

ಇಂಥ ಒಂದು ಕೊಠಡಿಯಲ್ಲಿ ಮೊದಲ ದಿನವೇ ಸಹಿ ಹಾಕಿಸಿಕೊಳ್ಳುವ ಕಾಗದವನ್ನು ನಾನು ನೋಡಿದ್ದೇನೆ. ಪೂರ್ತಿ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳಿದರೆ ಅದರ ಸಾರ ಇಷ್ಟು: ಹಣ ಮುಂಗಡವಾಗಿ ಬರಬೇಕು, ಫೋನಿನಲ್ಲೇ ಕಳಿಸಬೇಕು. ಬರಲಾಗದಿದ್ದರೆ ಇಪ್ಪತ್ತನಾಲ್ಕು ಗಂಟೆ ಮೊದಲು ತಿಳಿಸಬೇಕು, ಇಲ್ಲವಾದರೆ ಪೂರ್ತಿ ಫೀಸು ಮುರಿದುಕೊಳ್ಳಲಾಗುವುದು. ಹದಿನೈದು ನಿಮಿಷ ತಡವಾದರೆ ಬರಲಿಲ್ಲವೆಂದೇ ಲೆಕ್ಕ. ಒಂದು ಭೇಟಿಗೆ 1,500. ಆರು ಭೇಟಿಗಳ ಪ್ಯಾಕೇಜ್ ತೆಗೆದುಕೊಂಡರೆ 8,000, ಆದರೆ ಮೂರು ತಿಂಗಳೊಳಗೆ ಮುಗಿಸಬೇಕು, ಉಳಿದರೆ ಹಣ ವಾಪಸ್ ಇಲ್ಲ.

ಮೇಲುನೋಟಕ್ಕೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಕೈಯಲ್ಲಿ ದುಡ್ಡು, ಕೈಯಲ್ಲಿ ಸಮಯ, ಕೈಯಲ್ಲಿ ಸ್ವಂತ ಫೋನು ಇರುವ ಮನುಷ್ಯನಿಗೆ ಈ ನಿಯಮಗಳು ನ್ಯಾಯವಾಗಿಯೇ ಇವೆ. ಆದರೆ ದೌರ್ಜನ್ಯದ ಮನೆಯಲ್ಲಿರುವ ಹೆಣ್ಣಿಗೆ ಇರದಿರುವುದು ಈ ಮೂರೇ ಅಲ್ಲವೆ? ಹಣದ ಮೇಲೆ, ಓಡಾಟದ ಮೇಲೆ, ಮಾತಿನ ಮೇಲೆ ಹಿಡಿತ ಸಾಧಿಸುವುದೇ ಆ ದೌರ್ಜನ್ಯದ ಸ್ವರೂಪ. ಅದರಿಂದ ಬಿಡಿಸಿಕೊಳ್ಳಲು ಹೋದ ಬಾಗಿಲಲ್ಲೇ, ‘ನಿನ್ನ ಬಳಿ ಅದು ಇದ್ದರೆ ಮಾತ್ರ ಒಳಗೆ ಬಾ’ ಎಂದಂತಾಯಿತು.

ನಮ್ಮ ಸಂಘದ ಒಬ್ಬ ಸದಸ್ಯೆಯ ವಿಷಯ ಹೇಳುತ್ತೇನೆ. ಹೆಸರು ಬೇಡ. ಗಾರ್ಮೆಂಟ್ಸ್‌ನಲ್ಲಿ ಟೈಲರ್. ಮದುವೆಯಾಗಿ ಎಂಟು ವರ್ಷವಾದರೂ ಸೈಟು ಕೊಳ್ಳಲು ತವರಿನಿಂದ ಹಣ ತರಲಿಲ್ಲವೆಂಬ ಕಿರುಕುಳ ನಿಂತಿರಲಿಲ್ಲ. ರಾತ್ರಿ ನಿದ್ದೆ ಇಲ್ಲ, ಮಿಷನ್ ಮುಂದೆ ಕೂತರೆ ಕೈ ನಡುಕ, ಬದುಕಿ ಏನು ಮಾಡಲಿ ಎಂಬ ಮಾತು. ಸಂಘದಿಂದ ಸಾಲ ಕೊಟ್ಟು ಆ ಪ್ಯಾಕೇಜ್ ಕಟ್ಟಿದೆವು. ಮೊದಲ ಭೇಟಿ ಮುಗಿಸಿ ಬಂದಾಗ, ‘ಅಕ್ಕಾ, ಎಷ್ಟೋ ದಿನದ ಮೇಲೆ ಯಾರೋ ಪೂರ್ತಿ ಕೇಳಿದ್ರು’ ಎಂದಳು. ಎರಡನೆಯ ಭೇಟಿಯ ದಿನ ಗಂಡ ಫೋನು ಕಿತ್ತುಕೊಂಡು, ಹೊರಗಿನಿಂದ ಚಿಲಕ ಹಾಕಿ ಹೋಗಿದ್ದ. ಇಪ್ಪತ್ತನಾಲ್ಕು ಗಂಟೆ ಮೊದಲು ತಿಳಿಸುವುದಕ್ಕೆ ಅವಳಿಗೆ ಎಲ್ಲಿಂದ ಸಾಧ್ಯ? ಒಂದು ಭೇಟಿಯ ಹಣ ಹೋಯಿತು. ಮೂರನೆಯ ಬಾರಿ ಆ ಕೊಠಡಿಯಿಂದ ನೆನಪಿಸಲು ಬಂದ ಸಂದೇಶ ನೇರವಾಗಿ ಗಂಡನ ಕಣ್ಣಿಗೆ ಬಿತ್ತು. ನಾಳೆ ಸಂಜೆ ಐದು ಗಂಟೆಗೆ ನಿಮ್ಮ ಥೆರಪಿ ಎಂದು ಅದರಲ್ಲಿ ಬರೆದಿತ್ತು. ಆವತ್ತು ರಾತ್ರಿ ಏನಾಯಿತೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮರುದಿನದಿಂದ ಅತ್ತೆಮನೆಯವರ ಮಾತು ಬೇರೆಯಾಯಿತು. ‘ಹುಚ್ಚೀನ ನಮ್ಮ ತಲೆಗೆ ಕಟ್ಟಿದ್ದೀರಿ, ಅದಕ್ಕೆ ಪರಿಹಾರ ಕೊಡಿ’ ಎಂದು ತವರಿಗೆ ಫೋನು. ವರದಕ್ಷಿಣೆ ಕೇಳಲು ಹೊಸದೊಂದು ನೆಪ ಸಿಕ್ಕಿತು, ಅಷ್ಟೆ.

ಆರು ಭೇಟಿಯಲ್ಲಿ ಅವಳು ಹೋಗಲು ಸಾಧ್ಯವಾದದ್ದು ಮೂರಕ್ಕೆ. 8,000 ರೂಪಾಯಿ ಪೂರ್ತಿ ಹೋಯಿತು. ಸಂಘದ ಸಾಲ ಉಳಿಯಿತು.

ಬರದ ದಿನಕ್ಕೂ ದುಡ್ಡು ಕೊಡಬೇಕೆಂಬ ಈ ನಿಯಮ ಎಲ್ಲಿಂದ ಬಂತೆಂದು ಹುಡುಕುತ್ತಾ ಹೋದರೆ ಅದು ಮನೋವಿಶ್ಲೇಷಣೆಯ ಆದ್ಯ ಫ್ರಾಯ್ಡ್‌ವರೆಗೆ ಹೋಗುತ್ತದೆ. 1913ರಲ್ಲಿ ಅವನು ಬರೆದ ಒಂದು ಲೇಖನದಲ್ಲಿ, ತನ್ನ ದಿನದ ಒಂದೊಂದು ಗಂಟೆಯನ್ನು ಒಬ್ಬೊಬ್ಬರಿಗೆ ಗುತ್ತಿಗೆ ಕೊಟ್ಟಂತೆ ಕೊಡುತ್ತೇನೆ, ಅವರು ಬಂದರೂ ಬರದಿದ್ದರೂ ಆ ಗಂಟೆಗೆ ಅವರೇ ಹೊಣೆ ಎಂದು ವಿವರಿಸಿದ್ದಾನೆ. ಸಂಗೀತ ಹೇಳಿಕೊಡುವವರೂ ಹೀಗೇ ಮಾಡುತ್ತಾರಲ್ಲ ಎಂಬ ಸಮರ್ಥನೆಯೂ ಇದೆ. ಅವನ ಬಳಿಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಅನುಕೂಲಸ್ಥರ ಮನೆಯವರು. ಆದರೆ ನಮ್ಮ ಕಡೆಯ ಕೊಠಡಿಗಳು ಆ ಅರ್ಧವನ್ನು ಮಾತ್ರ ಇಟ್ಟುಕೊಂಡು ಇನ್ನರ್ಧವನ್ನು ಬಿಟ್ಟಿವೆ. ಇದೇ ಫ್ರಾಯ್ಡ್ 1918ರಲ್ಲಿ, ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ, ಬುಡಾಪೆಸ್ಟ್‌ನಲ್ಲಿ ಮಾತನಾಡುತ್ತಾ, ಶಸ್ತ್ರಚಿಕಿತ್ಸೆ ಪಡೆಯುವ ಹಕ್ಕು ಬಡವನಿಗೆ ಇರುವಂತೆಯೇ ಮನಸ್ಸಿಗೆ ಚಿಕಿತ್ಸೆ ಪಡೆಯುವ ಹಕ್ಕೂ ಇದೆ, ಮುಂದೊಂದು ದಿನ ಇದು ಉಚಿತವಾಗಿ ಸಿಗಬೇಕು ಎಂಬ ಅರ್ಥದ ಮಾತು ಹೇಳಿದ. ಅವನ ಶಿಷ್ಯರು 1920ರಲ್ಲಿ ಬರ್ಲಿನ್ನಿನಲ್ಲಿ, 1922ರಲ್ಲಿ ವಿಯೆನ್ನಾದಲ್ಲಿ ಹಣವಿಲ್ಲದವರಿಗೂ ಬಾಗಿಲು ತೆರೆದ ಚಿಕಿತ್ಸಾಲಯಗಳನ್ನು ನಡೆಸಿದರು. ಗುತ್ತಿಗೆಯ ನಿಯಮ ಮಾತ್ರ ಸಮುದ್ರ ದಾಟಿ ಜೆ.ಪಿ. ನಗರದವರೆಗೆ ಬಂತು, ಉಚಿತ ಚಿಕಿತ್ಸಾಲಯ ದಾರಿಯಲ್ಲೇ ಉಳಿಯಿತು.

ಹಾಗೆಂದು ಆಪ್ತಸಲಹೆಗಾರ್ತಿಯರು ಪುಕ್ಕಟೆ ಕೆಲಸ ಮಾಡಬೇಕೆಂದು ನಾನು ಹೇಳುವುದಿಲ್ಲ. ಹೇಳಬಾರದು ಕೂಡ. ಈ ಕೆಲಸದಲ್ಲಿ ಹೆಣ್ಣುಮಕ್ಕಳೇ ಬಹಳ. ಹೆಣ್ಣು ಮಾಡುವ ಕೆಲಸ, ಅದರಲ್ಲೂ ಸಮಾಧಾನ ಹೇಳುವ, ಆರೈಕೆ ಮಾಡುವ ಕೆಲಸ ಸೇವೆಯೆಂದು ಹೊಗಳಿ ದುಡ್ಡು ಕೊಡದಿರುವುದು ನಮ್ಮ ಸಮಾಜದ ಹಳೆಯ ಚಾಳಿ. ಅಂಗನವಾಡಿ ಕಾರ್ಯಕರ್ತೆಗೆ ಇವತ್ತಿಗೂ ಸಂಬಳವೆಂದು ಹೇಳುವುದಿಲ್ಲ, ಗೌರವಧನ ಎನ್ನುತ್ತಾರೆ. ಸಾಂತ್ವನ ಕೇಂದ್ರಗಳಲ್ಲಿ ದಿನವಿಡೀ ಹೆಣ್ಣುಮಕ್ಕಳ ಕಣ್ಣೀರು ಕೇಳಿದ ಸಲಹೆಗಾರ್ತಿಯರಿಗೂ ಸಿಕ್ಕಿದ್ದು ಗೌರವಧನವೇ. ಮನೆಕೆಲಸದವರಿಗೆ ರಜೆಯ ದಿನದ ಸಂಬಳ ಮುರಿಯಬಾರದು ಎಂದು ಹೋರಾಡುವ ನಾವು, ಸಲಹೆಗಾರ್ತಿ ಕೊಠಡಿಯ ಬಾಡಿಗೆ ಕಟ್ಟಬೇಕು, ಓದಿಗೆ ಮಾಡಿದ ಸಾಲ ತೀರಿಸಬೇಕು, ಖಾಲಿ ಹೋದ ಗಂಟೆಯ ನಷ್ಟ ಅವಳದೂ ಹೌದು ಎಂಬುದನ್ನು ಮರೆಯಬಾರದು. ಅವಳಿಗೆ ದುಡ್ಡು ಬರಬೇಕು. ಅದು ಯಾರ ಕೈಯಿಂದ ಬರಬೇಕು ಎಂಬುದಷ್ಟೇ ಪ್ರಶ್ನೆ.

ಸಂಘದಲ್ಲಿ ಈ ವಿಷಯ ಇಟ್ಟಾಗ ನಮ್ಮಲ್ಲಿ ಹಿರಿಯರೊಬ್ಬರು ನೇರವಾಗಿ ಕೇಳಿದರು: ‘ಮಾತಾಡೋದಕ್ಕೂ ದುಡ್ಡಾ? ಇಲ್ಲಿ ನಾವೆಲ್ಲಾ ಕೂತು ಮಾತಾಡಲ್ವಾ?’ ಅವರ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಮಹಿಳಾ ಚಳವಳಿ ಹುಟ್ಟಿದ್ದೇ ಹೆಂಗಸರು ಒಟ್ಟಿಗೆ ಕೂತು ಮಾತನಾಡಿದ್ದರಿಂದ. 1979ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ವಿಮೋಚನಾದಂಥ ಸಂಘಟನೆಗಳು ಮನೆಯೊಳಗಿನ ಹಿಂಸೆ ಮನೆಯೊಳಗಿನ ವಿಷಯವಲ್ಲ ಎಂದು ಸಾರಿದವು. 1990ರ ದಶಕದಲ್ಲಿ ಅದರ ಕಾರ್ಯಕರ್ತೆಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಹಾಸಿಗೆಯ ಪಕ್ಕ ಕೂತು, ಸ್ಟೌ ಸಿಡಿಯಿತು ಎಂಬ ಕಥೆಯ ಹಿಂದೆ ಏನಿದೆಯೆಂದು ಕೇಳಿದಾಗ ಅದಕ್ಕೆ ಯಾರೂ ಬಿಲ್ಲು ಬರೆಯಲಿಲ್ಲ. ಅಷ್ಟಿದ್ದರೂ ಸಂಘದ ಮಾತಿಗೆ ಒಂದು ಮಿತಿ ಇದೆ. ವಾರಗಟ್ಟಲೆ ನಿದ್ದೆ ಇಲ್ಲದವಳಿಗೆ, ಸಾಯುವ ಮಾತಾಡುವವಳಿಗೆ, ಏಟಿನ ನೆನಪಿಗೆ ಹಗಲಲ್ಲೇ ಬೆವರಿ ಬೆಚ್ಚುವವಳಿಗೆ ಕಲಿತವರ ಸಹಾಯ ಬೇಕು. ಇನ್ನೊಂದನ್ನೂ ಮುಚ್ಚಿಡದೆ ಹೇಳಬೇಕು. ನಮ್ಮ ಸಂಘದಲ್ಲಿ ಶನಿವಾರ ಹೇಳಿದ್ದು ಭಾನುವಾರ ವಠಾರದ ನಲ್ಲಿಯ ಹತ್ತಿರ ಇರುತ್ತದೆ. ಗುಟ್ಟು ಕಾಯುವುದೂ ಒಂದು ಕಸುಬು, ಅದಕ್ಕೂ ಬೆಲೆ ಇದೆ. ಶಾಸ್ತ್ರ ಕೇಳಲು, ತಾಯತ ಕಟ್ಟಿಸಲು, ತಡೆ ಒಡೆಸಲು ರಸೀದಿ ಕೇಳದೆ ಸಾವಿರಗಟ್ಟಲೆ ಕೊಡುವ ನಾವು ಇಲ್ಲಿ ಮಾತ್ರ ಮಾತಿಗೆ ದುಡ್ಡೇ ಎಂದು ಹುಬ್ಬೇರಿಸುವುದು ಸರಿಯಲ್ಲ.

ದುಡ್ಡಿಲ್ಲದೆ ಸಿಗುವ ಜಾಗಗಳು ಇಲ್ಲವೆಂದಲ್ಲ, ಅವನ್ನು ಮೊದಲು ತಿಳಿದುಕೊಳ್ಳಬೇಕು. 14416ಕ್ಕೆ ಫೋನು ಮಾಡಿದರೆ ಟೆಲಿ ಮಾನಸ್ ಸಿಗುತ್ತದೆ. 2022ರ ಅಕ್ಟೋಬರ್‌ನಲ್ಲಿ ಆರಂಭವಾಯಿತು. ಕನ್ನಡದಲ್ಲಿ ಮಾತಾಡಬಹುದು, ಹಗಲು ರಾತ್ರಿ ಯಾವಾಗಲಾದರೂ ಸರಿ, ಖರ್ಚಿಲ್ಲ. ಸಾಯುವ ಯೋಚನೆ ಬಂದವಳಿಗೆ ಮೊದಲು ಈ ನಂಬರು ಕೊಡಿ, ಪಕ್ಕದಲ್ಲಿ ಕೂತುಕೊಳ್ಳಿ. ಮಹಿಳಾ ಸಹಾಯವಾಣಿ 181. ದೌರ್ಜನ್ಯಕ್ಕೊಳಗಾದವರಿಗೆ 2015ರಿಂದ ಸಖಿ ಕೇಂದ್ರಗಳಿವೆ, ಅಲ್ಲಿ ಆಪ್ತಸಲಹೆ ಉಚಿತ. ಹೊಸೂರು ರಸ್ತೆಯ ನಿಮ್ಹಾನ್ಸ್ ಇದೆ. ಶಕ್ತಿ ಯೋಜನೆಯಿಂದ ಬಸ್ ಚಾರ್ಜೂ ಇಲ್ಲ. ಗಾರ್ಮೆಂಟ್ಸ್ ಗೆಳತಿಯರಿಗೆ ತಮ್ಮದೇ ಹೆಸರಿನ ಇ.ಎಸ್.ಐ. ಕಾರ್ಡು ಇದೆ, ಅದು ಜ್ವರಕ್ಕೆ, ಹೆರಿಗೆಗೆ ಮಾತ್ರವೆಂದು ಎಷ್ಟೋ ಜನ ತಿಳಿದಿದ್ದಾರೆ, ಮನಸ್ಸಿನ ಕಾಯಿಲೆಗೂ ಅದರಲ್ಲಿ ಚಿಕಿತ್ಸೆ ಉಂಟು. ತಾಲ್ಲೂಕುಗಳಲ್ಲಿರುವ ಗೆಳತಿಯರಿಗೆ ಗೊತ್ತಿರಲಿ, 2014ರಲ್ಲಿ ಆರಂಭವಾದ ಮನೋಚೈತನ್ಯ ಕಾರ್ಯಕ್ರಮ ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರನ್ನು ಕರೆತರಲೆಂದೇ ರೂಪಿಸಿದ್ದು. ಆದರೆ ಸರ್ಕಾರಿ ಆಸ್ಪತ್ರೆಯೆಂದರೆ ಒಂದು ಪೂರ್ತಿ ದಿನ. ಆ ದಿನದ ಸಂಬಳ ಹೋಗುತ್ತದೆ, ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕು. ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ ಬರಲು ಹತ್ತಿರದ ಖಾಸಗಿ ಕೊಠಡಿಯನ್ನು ಹೆಂಗಸರು ಆರಿಸುವುದು ಷೋಕಿಗಲ್ಲ.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ಕಾನೂನು ಮನಸ್ಸಿನ ಗಾಯವನ್ನು ಗಾಯವೆಂದು ಒಪ್ಪಿ ನಾಲ್ಕು ದಶಕಗಳು ಕಳೆದಿವೆ. 1983ರಲ್ಲಿ ಬಂದ 498ಎ ಕಲಮಿನಲ್ಲೇ ಹೆಣ್ಣಿನ ದೈಹಿಕ ಆರೋಗ್ಯ ಮಾತ್ರವಲ್ಲ, ಮಾನಸಿಕ ಆರೋಗ್ಯಕ್ಕೆ ಆಗುವ ತೀವ್ರ ಹಾನಿಯೂ ಕ್ರೌರ್ಯವೆಂದಿತ್ತು. 2024ರ ಜುಲೈ 1ರಿಂದ ಅದು ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. 2005ರ ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ 20ನೇ ಕಲಮಿನ ಪ್ರಕಾರ ಮ್ಯಾಜಿಸ್ಟ್ರೇಟರು ಹಿಂಸೆಯಿಂದಾದ ವೈದ್ಯಕೀಯ ವೆಚ್ಚ, ಕಳೆದುಕೊಂಡ ಸಂಪಾದನೆ, ಜೀವನಾಂಶ ಇವನ್ನೆಲ್ಲ ಕೊಡುವಂತೆ ಎದುರುದಾರನಿಗೆ ಆದೇಶ ಮಾಡಬಹುದು. 22ನೇ ಕಲಮು ಮಾನಸಿಕ ಹಿಂಸೆಗೆ, ಮನಸ್ಸಿನ ಸಂಕಟಕ್ಕೆ ಪ್ರತ್ಯೇಕ ಪರಿಹಾರವನ್ನೇ ಹೇಳುತ್ತದೆ. 23ನೇ ಕಲಮಿನಲ್ಲಿ ಮಧ್ಯಂತರ ಆದೇಶಕ್ಕೂ ಅವಕಾಶವಿದೆ. ವೈದ್ಯಕೀಯ ವೆಚ್ಚವೆಂದರೆ ಮೂಳೆ ಮುರಿದದ್ದಕ್ಕೆ ಮಾತ್ರ ಎಂದು ಕಾಯ್ದೆ ಎಲ್ಲಿಯೂ ಹೇಳುವುದಿಲ್ಲ.

ಹಾಗಿದ್ದರೆ ನಾವು ಬರೆಸುವ ಅರ್ಜಿಗಳಲ್ಲಿ ಈ ಖರ್ಚು ಏಕೆ ಕಾಣುವುದಿಲ್ಲ? ಕೇಳಬೇಕೆಂದು ನಮಗೆ ಹೊಳೆಯುವುದಿಲ್ಲ, ವಕೀಲರು ಕೇಳುವುದಿಲ್ಲ, ಕೈಯಲ್ಲಿ ರಸೀದಿ ಇರುವುದಿಲ್ಲ. ಫೋನಿನಲ್ಲಿ ದುಡ್ಡು ಹೋಯಿತು, ಕಾಗದ ಯಾರೂ ಕೊಡಲಿಲ್ಲ. ಆದ್ದರಿಂದ ಪ್ರತಿ ಭೇಟಿಗೂ ರಸೀದಿ ಕೇಳಿ. ಅದರಲ್ಲಿ ಹೆಂಗಸಿನ ಹೆಸರು, ದಿನಾಂಕ, ಮೊತ್ತ, ಸಲಹೆಗಾರ್ತಿಯ ಸಹಿ ಇರಬೇಕು. ಹೋಗಿಬಂದ ಆಟೋ ಚಾರ್ಜು, ಕಳೆದುಕೊಂಡ ಅರ್ಧ ದಿನದ ಸಂಬಳ ಒಂದು ಚೀಟಿಯಲ್ಲಿ ಬರೆದಿಡಿ. ಅವನು ಕೂಡಿಹಾಕಿದ್ದರಿಂದ ಹೋಗಲಾಗದೆ ಕಳೆದುಕೊಂಡ ಫೀಸನ್ನೂ ಬರೆಯಿರಿ. ಅದು ಹಿಂಸೆಯಿಂದಾದ ನಷ್ಟವಲ್ಲದೆ ಮತ್ತೇನು? ಇದನ್ನು ಸಂರಕ್ಷಣಾಧಿಕಾರಿ, ಅಂದರೆ ನಮ್ಮ ರಾಜ್ಯದಲ್ಲಿ ಸಿ.ಡಿ.ಪಿ.ಓ. ಅವರು, ಕೌಟುಂಬಿಕ ಘಟನಾ ವರದಿ ಬರೆಯುವಾಗಲೇ ಕೊಡಬೇಕು. ವಕೀಲರಿಗೆ ಫೀಸು ಕೊಡಲು ಆಗದಿದ್ದರೆ ಕಾನೂನು ಸೇವಾ ಪ್ರಾಧಿಕಾರವಿದೆ, ನಂಬರು 15100. 1987ರ ಕಾಯ್ದೆಯಂತೆ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವಿನ ಹಕ್ಕಿದೆ.

ರಸೀದಿಯನ್ನು ಮನೆಯಲ್ಲಿ ಇಡಬೇಡಿ. ನಾವು ಸಂಘದ ಟ್ರಂಕಿನಲ್ಲಿ, ನಡಾವಳಿ ಪುಸ್ತಕದ ಕೆಳಗೆ, ಒಂದೊಂದು ಲಕೋಟೆಯಲ್ಲಿ ಇಡುತ್ತಿದ್ದೇವೆ. ಲಕೋಟೆಯ ಮೇಲೆ ಹೆಸರಿಲ್ಲ, ಪಾಸ್‌ಬುಕ್ಕಿನ ನಂಬರು ಮಾತ್ರ.

ಇಲ್ಲಿ ಒಂದು ಭಯ ಎಲ್ಲರಿಗೂ ಇದೆ, ಅದು ಸುಳ್ಳು ಭಯವಲ್ಲ. ಈ ಕಾಗದವನ್ನೇ ಹಿಡಿದುಕೊಂಡು ಇವಳಿಗೆ ಹುಚ್ಚು, ವಿಚ್ಛೇದನ ಕೊಡಿ, ಮಕ್ಕಳನ್ನು ನಮಗೆ ಕೊಡಿ ಎಂದು ಗಂಡ ಕೋರ್ಟಿಗೆ ಹೋದರೆ? ಹಿಂದೂ ವಿವಾಹ ಕಾಯ್ದೆಯಲ್ಲಿ ತೀವ್ರ ಮನೋವೈಕಲ್ಯ ವಿಚ್ಛೇದನಕ್ಕೆ ಒಂದು ಕಾರಣವಾಗಿ ಇರುವುದು ನಿಜ. ಆದರೆ ಗಂಡನೊಂದಿಗೆ ಬದುಕಲು ಸಾಧ್ಯವೇ ಇಲ್ಲದಂಥ ಸ್ಥಿತಿಯೆಂದು ಅವನು ಸಾಬೀತು ಮಾಡಬೇಕು. ಆಪ್ತಸಲಹೆಗೆ ಹೋದಳೆಂಬುದು ಅದಕ್ಕೆ ಸಾಕ್ಷಿಯಾಗುವುದಿಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 3ನೇ ಕಲಮು, ಒಬ್ಬರಿಗೆ ಮಾನಸಿಕ ಕಾಯಿಲೆ ಇದೆಯೆಂದು ಗುರುತಿಸಿದ ಮಾತ್ರಕ್ಕೆ ಕೋರ್ಟು ಹೇಳುವವರೆಗೆ ಅವರನ್ನು ಬುದ್ಧಿ ಸ್ಥಿಮಿತವಿಲ್ಲದವರೆಂದು ತಿಳಿಯಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಅದೇ ಕಾಯ್ದೆಯ 23ನೇ ಕಲಮು ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬ ಹಕ್ಕನ್ನು ಕೊಟ್ಟಿದೆ. ಹುಚ್ಚಿ ಎಂದು ಕರೆಯುವುದು ಅವಮಾನದ ಮಾತು, ಅದೇ ಸಂರಕ್ಷಣಾ ಕಾಯ್ದೆಯ ಪ್ರಕಾರ ಮಾತಿನ ಹಿಂಸೆ. ಆ ಬೈಗುಳದ ತಾರೀಖನ್ನೂ ಬರೆದಿಟ್ಟುಕೊಳ್ಳಿ.

ಮತ್ತೊಂದು ಎಚ್ಚರಿಕೆ. ಗಂಡನೇ ಫೀಸು ಕೊಡುತ್ತೇನೆ, ಇಬ್ಬರೂ ಒಟ್ಟಿಗೆ ಹೋಗೋಣ ಎಂದರೆ ಹಿರಿಯರು ಖುಷಿಪಡುತ್ತಾರೆ. ಜೋಡಿಯಾಗಿ ಬಂದರೆ ದರವೂ ಹೆಚ್ಚು. ಆದರೆ ಹಣ ಕೊಟ್ಟವನು ತಾನೇ ಗಿರಾಕಿ ಎಂದುಕೊಳ್ಳುತ್ತಾನೆ, ಕೆಲವು ಕೊಠಡಿಗಳೂ ಹಾಗೆಯೇ ನಡೆದುಕೊಳ್ಳುತ್ತವೆ. ಅವನ ಎದುರು ಅವಳು ಹೇಳಿದ ಒಂದೊಂದು ಮಾತಿಗೂ ಮನೆಗೆ ಬಂದ ಮೇಲೆ ಲೆಕ್ಕ ತೀರಿಸಬೇಕಾಗುತ್ತದೆ. ಕೊನೆಗೆ ಸಿಗುವುದು ‘ಸ್ವಲ್ಪ ಅಡ್ಜಸ್ಟ್ ಮಾಡಿಕೊಳ್ಳಿ’ ಎಂಬ ಸಲಹೆ. ಅದಕ್ಕೆ ಎರಡು ಸಾವಿರ ಏಕೆ, ನಮ್ಮ ಸೋದರತ್ತೆಯೇ ಪುಕ್ಕಟೆ ಹೇಳುತ್ತಾರೆ! ಸಂರಕ್ಷಣಾ ಕಾಯ್ದೆಯ 2006ರ ನಿಯಮಗಳಲ್ಲಿ, ಕೋರ್ಟಿನ ಆದೇಶದಂತೆ ನಡೆಯುವ ಆಪ್ತಸಲಹೆಯಲ್ಲಿ ಎದುರುದಾರನು ತಾನು ಮಾಡಿದ ಹಿಂಸೆಗೆ ಸಮರ್ಥನೆ ಕೊಡಲು ಅವಕಾಶವಿಲ್ಲ ಎಂದು ಬರೆದಿದೆ. ಅಡುಗೆಗೆ ಉಪ್ಪು ಹೆಚ್ಚಾಗಿತ್ತು ಸಾರ್, ಎದುರು ಮಾತಾಡಿದಳು ಸಾರ್ ಎನ್ನುವಂತಿಲ್ಲ. ಖಾಸಗಿ ಕೊಠಡಿಗೂ ಇದೇ ಅಳತೆಗೋಲು ಇರಲಿ. ಹಣ ಅವನಿಂದ ಬರಲಿ, ಆದರೆ ಕೋರ್ಟಿನ ಆದೇಶದ ಮೂಲಕ ಬರಲಿ. ಕೊಠಡಿಯೊಳಗೆ ಅವಳೊಬ್ಬಳೇ ಕೂರಲಿ.

ಕೋರ್ಟಿನ ಆದೇಶ ಬರುವವರೆಗೆ ಏನು ಮಾಡುವುದು? ಕಾಯ್ದೆ ಅರವತ್ತು ದಿನ ಎನ್ನುತ್ತದೆ, ನಮ್ಮ ಸದಸ್ಯೆಯ ಅರ್ಜಿ ಆ ಗಡುವು ದಾಟಿ ಬಹಳ ದಿನವಾಯಿತು. ಅಲ್ಲಿಯವರೆಗೆ ಸಂಘವೇ ನಿಲ್ಲಬೇಕು. ಮದುವೆಗೆ, ನಾಮಕರಣಕ್ಕೆ, ಗೃಹಪ್ರವೇಶಕ್ಕೆ ಆಂತರಿಕ ಸಾಲ ಕೊಡುವ ನಾವು ಇದಕ್ಕೆ ಕೊಡಲಾರೆವೆ? ನಮ್ಮ ಸಂಘ ಈಗ ಆಪ್ತಸಲಹೆಗೆ ಕೊಡುವ ಸಾಲವನ್ನು ‘ಆರೋಗ್ಯ’ ಎಂಬ ತಲೆಬರಹದಲ್ಲಿ ಬರೆಯುತ್ತಿದೆ. ಬಡ್ಡಿ ಇಲ್ಲ, ಕಂತು ಕೋರ್ಟಿನ ಆದೇಶದ ನಂತರ. ಆಣೆ ಪ್ರಮಾಣ ಮಾಡಿಸಿ ನಡಾವಳಿಯಲ್ಲಿ ಕಾರಣ ಬರೆಯುವುದನ್ನು ಬಿಟ್ಟಿದ್ದೇವೆ. ಇದರಿಂದ ಸಂಘದ ಹಣ ಸಿಕ್ಕಿಬೀಳುವುದು ನಿಜ, ಇಬ್ಬರು ಸದಸ್ಯೆಯರು ಇನ್ನೂ ಇದನ್ನು ಒಪ್ಪಿಲ್ಲ. ಅವರ ವಾದ ಮುಂದುವರಿಯುತ್ತಿದೆ. ಪ್ಯಾಕೇಜನ್ನು ಮಾತ್ರ ಇನ್ನು ಮುಂದೆ ಕಟ್ಟುವುದಿಲ್ಲ ಎಂಬುದರಲ್ಲಿ ಎಲ್ಲರಿಗೂ ಒಮ್ಮತವಿದೆ. ಒಂದು ಸಲಕ್ಕೆ ಒಂದು ಭೇಟಿ, ಅದು ಮುಗಿದ ಮೇಲೆ ದುಡ್ಡು.

ಜೆ.ಪಿ. ನಗರ, ಜಯನಗರ, ಬನಶಂಕರಿಯ ಕೆಲವು ಕೊಠಡಿಗಳಿಗೆ ನಾವು ಒಂದು ಪುಟದ ಪತ್ರ ಬರೆದಿದ್ದೇವೆ. ಫೀಸನ್ನೂ ನಿಯಮಗಳನ್ನೂ ಮೊದಲ ಫೋನಿನಲ್ಲೇ, ಕನ್ನಡದಲ್ಲೇ ಹೇಳಿ. ಕ್ಲಿನಿಕ್, ನರ್ಸಿಂಗ್ ಹೋಮುಗಳು ದರಪಟ್ಟಿ ತೂಗುಹಾಕಬೇಕೆಂದು 2007ರ ರಾಜ್ಯ ಕಾಯ್ದೆ ಹೇಳುವಂತೆ ನೀವೂ ತೂಗುಹಾಕಿ. ನಗದು ತೆಗೆದುಕೊಳ್ಳಿ. ಯಾವ ನಂಬರಿಗೆ ಸಂದೇಶ ಕಳಿಸಬೇಕು, ಅಥವಾ ಕಳಿಸಲೇಬಾರದೇ ಎಂದು ಮೊದಲೇ ಕೇಳಿ. ಥೆರಪಿ ಎಂಬ ಪದ ಬೇಡ, ಟೈಲರಿಂಗ್ ಕ್ಲಾಸ್ ಎಂದರೂ ನಡೆಯುತ್ತದೆ. ಗಳಿಕೆ ನೋಡಿ ದರ ಇಡಿ, ಅಪಾರ್ಟ್‌ಮೆಂಟಿನ ಯಜಮಾನಿಗೂ ಅವರ ಮನೆಯ ಪಾತ್ರೆ ತೊಳೆಯುವವಳಿಗೂ ಒಂದೇ ದರ ನ್ಯಾಯವಲ್ಲ. ದೌರ್ಜನ್ಯದ ಮನೆಯಿಂದ ಬರುವವಳು ತಪ್ಪಿಸಿಕೊಂಡ ಭೇಟಿಗೆ ದಂಡ ಹಾಕಬೇಡಿ. ಅವಳು ಹೇಳದೆ ಬರದಿದ್ದರೆ ಏನೋ ಆಗಿದೆ ಎಂದು ತಿಳಿದು ಅವಳೇ ಕೊಟ್ಟ ಸಂಘದ ನಂಬರಿಗೆ ಒಂದು ಕರೆ ಮಾಡಿ.

ಇಬ್ಬರು ಉತ್ತರ ಬರೆದಿದ್ದಾರೆ. ಒಬ್ಬರು ವಾರಕ್ಕೆ ಎರಡು ಗಂಟೆಯನ್ನು ಮುನ್ನೂರು ರೂಪಾಯಿಯ ದರಕ್ಕೆ ಮೀಸಲಿಡಲು ಒಪ್ಪಿದ್ದಾರೆ, ದಂಡವನ್ನೂ ಕೈಬಿಟ್ಟಿದ್ದಾರೆ. ಇನ್ನೊಬ್ಬರು ಒಂದು ಪ್ರಶ್ನೆ ಕೇಳಿದ್ದಾರೆ: ಬರದಿದ್ದವಳು ನಿಜವಾಗಿಯೂ ಕೂಡಿಹಾಕಿದ್ದರಿಂದ ಬರಲಿಲ್ಲವೋ, ಸುಮ್ಮನೆ ಮರೆತಳೋ ನಮಗೆ ಹೇಗೆ ಗೊತ್ತಾಗಬೇಕು? ಪ್ರಾಮಾಣಿಕವಾದ ಪ್ರಶ್ನೆಯೇ. ಪೊಲೀಸ್ ಸ್ಟೇಷನ್ನಿನಲ್ಲಿ, ಕೋರ್ಟಿನಲ್ಲಿ, ತವರುಮನೆಯಲ್ಲಿ ಅವಳನ್ನು ಎಲ್ಲರೂ ಇದನ್ನೇ ಕೇಳಿದ್ದಾರೆ, ನೀವೂ ಕೇಳುವ ಮೊದಲು ಒಂದು ಸಲ ನಮ್ಮ ಶನಿವಾರದ ಸಭೆಗೆ ಬನ್ನಿ ಎಂದು ಕರೆದಿದ್ದೇವೆ. ಬರುವ ದಿನದ ಅವರ ಒಂದು ಗಂಟೆಗೆ ಎಷ್ಟು ಕೊಡಬೇಕೆಂದೂ ಕೇಳಿದ್ದೇವೆ.